ಹಳೆಯ ಪಿಕಪ್‌ಗೆ ಬೇರೆ ಎಂಜಿನ್: ಮನೆಯಾಕೆಗೂ ತಿಳಿದಿರಲಿ

ಅಡಿಕೆ ಕೊಯ್ಲು ಆಗಷ್ಟೇ ಆರಂಭವಾಗಿತ್ತು. ಚನ್ನಗಿರಿ ಸುತ್ತಲಿನ ತೋಟಗಳಿಂದ ಹಸಿ ಅಡಿಕೆಯನ್ನು ಖೇಣಿ ಮನೆಗಳಿಗೆ ಸಾಗಿಸುವುದು ನಮ್ಮ ಮನೆಯವರ ಕೆಲಸ. ಒಂದು ರಾತ್ರಿ ಇಶಾ ನಮಾಝ್ ಮುಗಿದು ಬಹಳ ಹೊತ್ತಾದರೂ ಅವರು ಬರಲಿಲ್ಲ. ಕೊನೆಗೆ ಬಂದದ್ದು ನಡೆದುಕೊಂಡು. "ಎಂಜಿನ್ ಹಿಡಿದುಕೊಂಡುಬಿಟ್ಟಿತು" ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದರು. ಎಂಜಿನ್ ಹಿಡಿದುಕೊಳ್ಳುವುದೆಂದರೆ ಏನೆಂದು ಆಗ ನನಗೆ ಗೊತ್ತಿರಲಿಲ್ಲ. ಮರುದಿನದಿಂದ ದುಡಿಮೆ ಇಲ್ಲ ಎಂಬುದು ಮಾತ್ರ ಅವರ ಮುಖ ನೋಡಿಯೇ ಗೊತ್ತಾಯಿತು.

ನಮ್ಮ ಕಡೆ ಇಂತಹ ಮನೆಗಳು ಎಷ್ಟೋ ಇವೆ. ಚನ್ನಗಿರಿಯಲ್ಲಿ ಅಡಿಕೆ, ಹೊನ್ನಾಳಿಯಲ್ಲಿ ಮತ್ತು ಅದರಿಂದ ಬೇರ್ಪಟ್ಟು ಈಗ ತಾಲೂಕಾಗಿರುವ ನ್ಯಾಮತಿಯಲ್ಲಿ ಭತ್ತ ಮತ್ತು ಮೆಕ್ಕೆಜೋಳ, ಜಗಳೂರಿನಲ್ಲಿ ಮೆಕ್ಕೆಜೋಳ, ಶೇಂಗಾ, ಈರುಳ್ಳಿ. ಬೆಳೆ ಯಾವುದಾದರೂ ಅದನ್ನು ಹೊಲದಿಂದ ಮಂಡಿಗೆ ಮುಟ್ಟಿಸುವುದು ಹಳೆಯದೊಂದು ಪಿಕಪ್ ಗಾಡಿ. ಆ ಗಾಡಿಯನ್ನು ಓಡಿಸುವವರು, ರಿಪೇರಿ ಮಾಡುವವರು, ಅದರ ಗುಜರಿ ವ್ಯಾಪಾರ ಮಾಡುವವರಲ್ಲಿ ನಮ್ಮ ಸಮುದಾಯದವರು ಬಹಳ. ಹಾಗಾಗಿ ಗಾಡಿ ನಿಂತರೆ ಒಲೆಯೂ ನಿಲ್ಲುತ್ತದೆ. ಆಗ ಮೊದಲು ನೆನಪಾಗುವುದು ಹೆಂಗಸರ ಕೊರಳಿನ ಚಿನ್ನ.

ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ಗ್ಯಾರೇಜಿನಲ್ಲಿ ಬಿಚ್ಚಿ ನೋಡಿದಾಗ ಎಂಜಿನ್ ಬ್ಲಾಕ್ ಸೀಳಿತ್ತು. "ಇದನ್ನು ಕಟ್ಟುವುದಕ್ಕಿಂತ ಕೆಲಸದ ಸ್ಥಿತಿಯಲ್ಲಿರುವ ಹಳೆಯ ಎಂಜಿನ್ ತಂದು ಕೂರಿಸುವುದು ಲೇಸು" ಎಂದರು. ಹಣ ಇರಲಿಲ್ಲ. ಚಿನ್ನ ಅಡವಿಟ್ಟರೆ ಬಡ್ಡಿ. ಅದು ಬೇಡವೆಂದು ಮಹ್ರ್ ಆಗಿ ಬಂದಿದ್ದ ನನ್ನ ಎರಡು ತೊಲೆಯ ಸರವನ್ನು ಮಾರಿದೆವು. ನಾನು ಮನಸ್ಸಾರೆ ಕೊಟ್ಟೆ. ಆದರೆ ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಈ ಲೇಖನ ಬರೆಯಲು ಅದೇ ಕಾರಣ.

*ಎಂಜಿನ್ ಬಂತು, ಕೂರಲಿಲ್ಲ*

ದೊಡ್ಡ ಊರಿನ ಗುಜರಿ ಅಂಗಡಿಯೊಂದರಿಂದ ಎಂಜಿನ್ ಬಂತು. ನಮ್ಮ ಗಾಡಿಯ ಕಂಪನಿಯದೇ, ನಮ್ಮ ಆರ್‌ಸಿಯಲ್ಲಿ ಬರೆದ ಸಿಸಿಯದೇ. ಎಲ್ಲ ಸರಿ ಎಂದುಕೊಂಡೆವು. ಆದರೆ ಎಂಜಿನ್‌ನ ಹಿಂಬದಿಯನ್ನು ಗೇರ್ ಬಾಕ್ಸ್‌ಗೆ ಸೇರಿಸಲು ಹೋದರೆ ಬೋಲ್ಟಿನ ತೂತುಗಳು ಒಂದಕ್ಕೊಂದು ಕೂಡಲಿಲ್ಲ. ಮೆಕ್ಯಾನಿಕ್ ಹುಡುಗ ಒಳ್ಳೆಯ ಮನಸ್ಸಿನವನೇ. ಕೊಯ್ಲಿನ ಕಾಲ, ಗಾಡಿ ಬೇಗ ಹೊರಡಬೇಕೆಂದು ಹೊಸ ತೂತು ಕೊರೆದು ಹೇಗೋ ಕೂರಿಸಿದ. ಗಾಡಿ ಹೊರಟಿತು. ನಾವು ಸಿಹಿ ಹಂಚಿದೆವು.

ಮೂರು ವಾರಕ್ಕೆ ಕ್ಲಚ್ ಪ್ಲೇಟ್ ಸವೆಯಿತು. ಹೊಸದು ಹಾಕಿಸಿದರೆ ಅದೂ ತಿಂಗಳು ಬಾಳಲಿಲ್ಲ. ಆಮೇಲೆ ಗೇರ್ ಬಾಕ್ಸ್‌ನ ಮುಂದಿನ ಬೇರಿಂಗ್ ಕಿರುಗುಟ್ಟಲು ಶುರುವಾಯಿತು. ಕೊಯ್ಲಿನ ಅರ್ಧ ಕಾಲ ಗಾಡಿ ಗ್ಯಾರೇಜಿನಲ್ಲೇ ಕಳೆಯಿತು. ಸರವೂ ಹೋಯಿತು, ಸೀಜನ್ನೂ ಹೋಯಿತು.

ಕೊನೆಗೆ ನನ್ನ ತವರು ಹೊನ್ನಾಳಿಯಲ್ಲಿ ನಮ್ಮ ಅಬ್ಬಾಗೆ ಪರಿಚಯದ ಹಿರಿಯ ಉಸ್ತಾದರೊಬ್ಬರ ಬಳಿಗೆ ಗಾಡಿಯನ್ನು ಎಳೆಸಿಕೊಂಡು ಹೋದೆವು. ಅವರು ಎಂಜಿನ್ ಕಡೆ ನೋಡಲೇ ಇಲ್ಲ. ಗಾಡಿಯ ಕೆಳಗೆ ಚಾಪೆ ಹಾಸಿ ಮಲಗಿ, ಡೀಸೆಲ್‌ನಲ್ಲಿ ಅದ್ದಿದ ಬ್ರಶ್‌ನಿಂದ ಗೇರ್ ಬಾಕ್ಸ್‌ಗೆ ಮೆತ್ತಿದ್ದ ಮಣ್ಣು, ಗ್ರೀಸನ್ನು ಉಜ್ಜಿದರು. ಒಳಗಿಂದ ಅಚ್ಚಿನ ಅಕ್ಷರಗಳು ಕಂಡವು. ಎದ್ದು ಬಂದು ನನ್ನ ಕಡೆ ತಿರುಗಿ ಹೇಳಿದರು: "ಬೇಟಿ, ನಿಕಾಹ್ ಗೊತ್ತು ಮಾಡುವಾಗ ಹುಡುಗನನ್ನಷ್ಟೇ ನೋಡುತ್ತೀರಾ? ಹುಡುಗಿ ಯಾರೆಂದು ಕೇಳುವುದಿಲ್ಲವೇ? ಇದು ಈ ಗಾಡಿಯೊಂದಿಗೆ ಬಂದ ಗೇರ್ ಬಾಕ್ಸ್ ಅಲ್ಲ. ಯಾರೋ ಹಿಂದಿನ ಮಾಲೀಕರು ನಾಲ್ಕು ಗೇರಿನದನ್ನು ತೆಗೆದು ಐದು ಗೇರಿನದನ್ನು ಹಾಕಿದ್ದಾರೆ. ನೀವು ತಂದದ್ದು ನಾಲ್ಕು ಗೇರಿಗೆ ಜೋಡಿಯಾದ ಎಂಜಿನ್."

ಅಂದರೆ ತಪ್ಪು ಎಂಜಿನ್‌ನದಲ್ಲ, ಗೇರ್ ಬಾಕ್ಸ್‌ನದೂ ಅಲ್ಲ. ನಮ್ಮ ಗಾಡಿಯಲ್ಲಿ ಏನಿದೆ ಎಂಬುದು ನಮಗೇ ಗೊತ್ತಿರಲಿಲ್ಲ. ಹಳೆಯ ಗಾಡಿ ಎರಡು ಮೂರು ಕೈ ದಾಟಿ ಬಂದಿರುತ್ತದೆ. ಪ್ರತಿಯೊಬ್ಬರೂ ಕೈಗೆ ಸಿಕ್ಕ ಬಿಡಿಭಾಗ ಹಾಕಿ ದಿನ ದೂಡಿರುತ್ತಾರೆ. ಹೊಸ ಎಂಜಿನ್‌ಗೆ ಹಣ ಹೂಡುವ ಮುನ್ನ ಗಾಡಿಯನ್ನು ಗುರುತಿಸಬೇಕು. ಆ ದಿನ ಉಸ್ತಾದರು ತಿಳಿಸಿಕೊಟ್ಟದ್ದನ್ನೂ ನಂತರ ನಾವು ಕೇಳಿ ತಿಳಿದದ್ದನ್ನೂ ಸಹೋದರಿಯರ ಮುಂದೆ ಇಡುತ್ತಿದ್ದೇನೆ.

*ಎಂಜಿನ್‌ನ ಹೆಸರಿನಲ್ಲೇ ಅದರ ಅಳತೆ*

ಮೊದಲು ಆರ್‌ಸಿ ಕೈಗೆತ್ತಿಕೊಳ್ಳಿ. ಅದರಲ್ಲಿ ಗಾಡಿ ತಯಾರಾದ ವರ್ಷ, ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಮತ್ತು ಸಿಸಿ ಇರುತ್ತದೆ. ಸಿಸಿ ಎಂದರೆ ಎಂಜಿನ್‌ನ ಎಲ್ಲ ಸಿಲಿಂಡರ್‌ಗಳಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಜಾಗದ ಒಟ್ಟು ಅಳತೆ. ಇದೊಂದು ಸಂಖ್ಯೆಯಿಂದಲೇ ಮನೆಯಲ್ಲಿ ಕುಳಿತು ಬಹಳಷ್ಟು ತಿಳಿಯಬಹುದು.

ಟಾಟಾ 207 ಡಿಐ ಗಾಡಿಯಲ್ಲಿ ಬರುವುದು 497 ಎಂಬ ಎಂಜಿನ್. ಮೊದಲ ಅಂಕಿ 4 ಎಂದರೆ ನಾಲ್ಕು ಸಿಲಿಂಡರ್. 97 ಎಂದರೆ ಸಿಲಿಂಡರ್‌ನ ಬಾಯಿ 97 ಮಿಲಿಮೀಟರ್ ಅಗಲ. ಸಿಸಿ 2956. ಅದಕ್ಕೂ ಹಿಂದಿನ ಟಾಟಾ ಮೊಬೈಲ್ ಗಾಡಿಯಲ್ಲಿದ್ದದ್ದು 483. ಅಂದರೆ ನಾಲ್ಕು ಸಿಲಿಂಡರ್, 83 ಮಿಲಿಮೀಟರ್, 1948 ಸಿಸಿ. ಟಾಟಾ ಲಾರಿಗಳಲ್ಲಿ ಹೆಸರಾದ 697 ಎಂಜಿನ್‌ಗೆ ಆರು ಸಿಲಿಂಡರ್, ಅದೇ 97 ಮಿಲಿಮೀಟರ್ ಅಗಲ.

ಮಹೀಂದ್ರಾ ಗಾಡಿಗಳಲ್ಲಿ 1980ರ ದಶಕದಿಂದ ಬಳಕೆಗೆ ಬಂದ ಫ್ರಾನ್ಸ್‌ನ ಪ್ಯೂಜೊ ಮೂಲದ ಡೀಸೆಲ್ ಎಂಜಿನ್ ಎಕ್ಸ್‌ಡಿಪಿ 4.90. ಇಲ್ಲಿಯೂ ಅದೇ ಲೆಕ್ಕ. ನಾಲ್ಕು ಸಿಲಿಂಡರ್, 90 ಮಿಲಿಮೀಟರ್, 2112 ಸಿಸಿ. ಮಹೀಂದ್ರಾದ ಡಿಐ ಎಂಜಿನ್ 2523 ಸಿಸಿಯದು. ಬಜಾಜ್ ಟೆಂಪೋ ಕಂಪನಿ (2005ರಿಂದ ಇದರ ಹೆಸರು ಫೋರ್ಸ್ ಮೋಟಾರ್ಸ್) ಜರ್ಮನಿಯ ಮರ್ಸಿಡಿಸ್-ಬೆಂಜ್‌ನಿಂದ ಪರವಾನಗಿ ಪಡೆದು ತಯಾರಿಸಿದ ಓಎಂ 616 ಎಂಜಿನ್ 2399 ಸಿಸಿಯದು. 2005ರಲ್ಲಿ ಬಂದ ಮೊದಲ ಟಾಟಾ ಏಸ್‌ನದು ಕೇವಲ ಎರಡು ಸಿಲಿಂಡರ್, 702 ಸಿಸಿ.

ನಿಮ್ಮ ಆರ್‌ಸಿಯಲ್ಲಿ 2112 ಎಂದಿದ್ದು, ತರಲು ಹೊರಟ ಎಂಜಿನ್ 2523 ಆಗಿದ್ದರೆ ಅಲ್ಲಿಯೇ ನಿಲ್ಲಿಸಿ ಕೇಳಿ. ಎರಡೂ ಒಂದೇ ಕಂಪನಿಯವು ಎಂಬುದು ಸಾಲದು. ಅಲ್ಲದೆ ಬ್ಲಾಕ್ ಮೇಲೆ ಹೊಡೆದಿರುವ ಎಂಜಿನ್ ಸಂಖ್ಯೆಯನ್ನು ಆರ್‌ಸಿಯ ಸಂಖ್ಯೆಯೊಂದಿಗೆ ಹೋಲಿಸಿ ನೋಡಿ. ಹೊಂದದಿದ್ದರೆ ನಿಮ್ಮ ಗಾಡಿಯ ಎಂಜಿನ್ ಈಗಾಗಲೇ ಒಮ್ಮೆ ಬದಲಾಗಿದೆ ಎಂದರ್ಥ.

*ಗೇರ್ ಬಾಕ್ಸ್ ಗುರುತಿಸುವುದು ಹೇಗೆ?*

ಎಂಜಿನ್‌ಗೆ ಇರುವಂತೆ ಗೇರ್ ಬಾಕ್ಸ್‌ಗೆ ಆರ್‌ಸಿಯಲ್ಲಿ ಸಂಖ್ಯೆ ಇರುವುದಿಲ್ಲ. ಅದಕ್ಕೇ ಅದನ್ನು ಯಾರು ಯಾವಾಗ ಬದಲಿಸಿದರೆಂದು ಕಾಗದ ಹೇಳುವುದಿಲ್ಲ. ಗಾಡಿಯನ್ನೇ ಕೇಳಬೇಕು.

ಒಂದು, ಗೇರ್ ಹಾಕಿ ಎಣಿಸುವುದು. ಗೇರ್ ಕಡ್ಡಿಯ ಗುಂಡಿಯ ಮೇಲೆ ಬರೆದಿರುವ ಚಿತ್ರವನ್ನು ನಂಬಬೇಡಿ. ಗುಂಡಿ ಮುರಿದರೆ ಅಂಗಡಿಯಲ್ಲಿ ಸಿಕ್ಕ ಬೇರೊಂದನ್ನು ತಿರುಗಿಸಿ ಹಾಕುವುದು ಸಾಮಾನ್ಯ. ಮುಂದಕ್ಕೆ ನಾಲ್ಕೋ ಐದೋ, ರಿವರ್ಸ್ ಎಡ ಮೂಲೆಯಲ್ಲೋ ಬಲ ಮೂಲೆಯಲ್ಲೋ ಎಂಬುದನ್ನು ಹಾಕಿಯೇ ನೋಡಬೇಕು.

ಎರಡು, ಅಚ್ಚಿನ ಅಕ್ಷರ. ಗೇರ್ ಬಾಕ್ಸ್‌ನ ಮೈಯನ್ನು ಚೆನ್ನಾಗಿ ತೊಳೆದರೆ ಎರಕದಲ್ಲೇ ಮೂಡಿದ ಅಕ್ಷರ, ಸಂಖ್ಯೆಗಳು ಕಾಣುತ್ತವೆ. ಕೆಲವೊಮ್ಮೆ ಸಣ್ಣ ತಗಡಿನ ಪಟ್ಟಿ ಇರುತ್ತದೆ. ಟಾಟಾ 207ರಲ್ಲಿ ಜಿಬಿಎಸ್-76 ಎಂಬ ಐದು ಗೇರಿನದು ಬರುತ್ತದೆ. ಮಹೀಂದ್ರಾ ಗಾಡಿಗಳಲ್ಲಿ ಕೆಎಂಟಿ-90 ಎಂಬ ನಾಲ್ಕು ಗೇರಿನದೂ ಬಿಎ-10, ಎನ್‌ಜಿಟಿ ಎಂಬ ಐದು ಗೇರಿನವೂ ಬಂದಿವೆ. ಅಕ್ಷರಗಳನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಗುಜರಿ ಅಂಗಡಿಯಲ್ಲಿ ಬಾಯಿಮಾತಿನ ವಾದ ಇರುವುದಿಲ್ಲ.

ಮೂರು, ರಟ್ಟಿನ ಅಚ್ಚು. ಎಂಜಿನ್ ಮತ್ತು ಗೇರ್ ಬಾಕ್ಸ್‌ನ ನಡುವೆ ಕ್ಲಚ್ಚನ್ನು ಮುಚ್ಚಿಕೊಂಡಿರುವ ಗಂಟೆಯಾಕಾರದ ಭಾಗಕ್ಕೆ ಹೌಸಿಂಗ್ ಎನ್ನುತ್ತಾರೆ. ಬೋಲ್ಟ್‌ಗಳು ಕೂಡಬೇಕಾದದ್ದು ಇಲ್ಲಿ. ಹೊಲಿಗೆ ಬಲ್ಲ ಸಹೋದರಿಯರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬಟ್ಟೆ ಕತ್ತರಿಸುವ ಮೊದಲು ಕಾಗದದ ಮೇಲೆ ಅಳತೆ ತೆಗೆಯುವುದಿಲ್ಲವೇ? ಹಾಗೆಯೇ ದಪ್ಪ ರಟ್ಟನ್ನು ಹೌಸಿಂಗ್‌ನ ಬಾಯಿಗೆ ಒತ್ತಿ, ಬೋಲ್ಟಿನ ತೂತುಗಳಿರುವಲ್ಲಿ ಮೆಲ್ಲಗೆ ತಟ್ಟಿದರೆ ಅಚ್ಚು ಮೂಡುತ್ತದೆ. ಎಂಜಿನ್ ಕೊಳ್ಳಲು ಹೋದಾಗ ಆ ರಟ್ಟನ್ನು ಅದರ ಹಿಂಬದಿಗೆ ಹಿಡಿದು ನೋಡಿದರೆ ಸಾಕು. ನಾವು ಈ ಒಂದು ರಟ್ಟನ್ನು ಒಯ್ದಿದ್ದರೆ ಅಷ್ಟೆಲ್ಲ ನಷ್ಟವಾಗುತ್ತಿರಲಿಲ್ಲ.

ನಾಲ್ಕು, ಕ್ಲಚ್ ಪ್ಲೇಟ್. ಗೇರ್ ಬಾಕ್ಸ್‌ನಿಂದ ಮುಂದಕ್ಕೆ ಚಾಚಿರುವ ಶಾಫ್ಟ್‌ನ ಮೇಲೆ ಉದ್ದಕ್ಕೆ ಹಲ್ಲುಗಳಿರುತ್ತವೆ. ಕ್ಲಚ್ ಪ್ಲೇಟ್‌ನ ನಡುವಿನ ತೂತಿನಲ್ಲೂ ಅಷ್ಟೇ ಹಲ್ಲು ಇರಬೇಕು. ಎಣಿಸಿ, ಶಾಫ್ಟ್‌ನ ದಪ್ಪ ಅಳೆದು ಬರೆದುಕೊಳ್ಳಬೇಕು. ಪ್ಲೇಟ್‌ನ ಅಗಲ ಎಂಜಿನ್‌ನ ಫ್ಲೈವೀಲ್‌ಗೆ ಹೊಂದಬೇಕು, ಅದರ ಹಲ್ಲು ಗೇರ್ ಬಾಕ್ಸ್‌ಗೆ ಹೊಂದಬೇಕು. ಶಾಫ್ಟ್‌ನ ತುದಿ ಎಂಜಿನ್‌ನ ಕ್ರ್ಯಾಂಕ್‌ನಲ್ಲಿರುವ ಸಣ್ಣ ಬೇರಿಂಗ್‌ನೊಳಗೆ ಕೂರುತ್ತದೆ. ಆ ಬೇರಿಂಗ್‌ನ ಅಳತೆಯೂ ಸರಿಯಿರಬೇಕು.

ಐದು, ಸುತ್ತು ಎಣಿಸುವುದು. ಗೇರ್ ಬಾಕ್ಸ್ ಕೆಳಗಿಳಿಸಿದಾಗ ಮುಂದಿನ ಶಾಫ್ಟ್‌ಗೂ ಹಿಂದಿನ ತುದಿಗೂ ಸೀಮೆಸುಣ್ಣದಿಂದ ಗುರುತು ಹಾಕಿ, ಒಂದೊಂದೇ ಗೇರಿನಲ್ಲಿಟ್ಟು ಕೈಯಿಂದ ತಿರುಗಿಸಬೇಕು. ಹಿಂದಿನದು ಒಂದು ಸುತ್ತು ಬರಲು ಮುಂದಿನದು ಎಷ್ಟು ಸುತ್ತು ಬೇಕೆಂಬುದೇ ಆ ಗೇರಿನ ಲೆಕ್ಕ. ಇಂತಹ ಗಾಡಿಗಳ ನಾಲ್ಕು ಗೇರಿನ ಬಾಕ್ಸ್‌ನಲ್ಲಿ ಸಾಮಾನ್ಯವಾಗಿ ನಾಲ್ಕನೆಯದರಲ್ಲಿ ಎರಡೂ ಸಮನಾಗಿ ತಿರುಗುತ್ತವೆ. ಐದು ಗೇರಿನದರಲ್ಲಿ ಐದನೆಯದಕ್ಕೆ ಹಿಂದಿನ ತುದಿ ತುಸು ಹೆಚ್ಚು ತಿರುಗುವುದುಂಟು. ಅಕ್ಷರ ಅಳಿಸಿಹೋಗಿದ್ದರೂ ಈ ಲೆಕ್ಕದಿಂದ ಬಲ್ಲವರು ಬಾಕ್ಸ್ ಯಾವುದೆಂದು ಹೇಳುತ್ತಾರೆ.

*ಹಿಂದಿನ ಆಕ್ಸಲ್‌ನ ಲೆಕ್ಕ*

ಎಂಜಿನ್ ಮತ್ತು ಗೇರ್ ಬಾಕ್ಸ್ ಕೂಡಿದರೂ ಕೆಲಸ ಮುಗಿಯಲಿಲ್ಲ. ಗೇರ್ ಬಾಕ್ಸ್‌ನಿಂದ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಉದ್ದ ಹೊಂದಬೇಕು. ಐದು ಗೇರಿನ ಬಾಕ್ಸ್ ಉದ್ದವಾಗಿದ್ದರೆ ಶಾಫ್ಟನ್ನು ಕತ್ತರಿಸಿ ಬೆಸೆಯಬೇಕಾಗುತ್ತದೆ. ಬೆಸೆದ ಮೇಲೆ ತೂಕ ಸಮ ಮಾಡಿಸದಿದ್ದರೆ ಓಡುವಾಗ ಇಡೀ ಗಾಡಿ ಅದುರುತ್ತದೆ.

ಹಿಂದಿನ ಆಕ್ಸಲ್‌ನೊಳಗೆ ಕ್ರೌನ್ ಮತ್ತು ಪಿನಿಯನ್ ಎಂಬ ಜೋಡಿ ಹಲ್ಲುಚಕ್ರಗಳಿವೆ. ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ಬರುತ್ತದೆ ಎಂಬುದು ಇವುಗಳ ಹಲ್ಲಿನ ಲೆಕ್ಕ. ಗಾಡಿಯನ್ನು ಗಟ್ಟಿಯಾದ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಹಿಂದಿನ ಎರಡೂ ಚಕ್ರಗಳನ್ನು ಒಟ್ಟಿಗೆ ಒಂದು ಸುತ್ತು ತಿರುಗಿಸಿ ಶಾಫ್ಟ್‌ನ ಸುತ್ತು ಎಣಿಸುತ್ತಾರೆ. ಒಂದು ಚಕ್ರವನ್ನು ಹಿಡಿದಿಟ್ಟು ಇನ್ನೊಂದನ್ನೇ ತಿರುಗಿಸುವುದಾದರೆ ಎರಡು ಸುತ್ತು ತಿರುಗಿಸಬೇಕು. ಬರೀ ಜಾಕ್ ಕೊಟ್ಟು ಗಾಡಿಯ ಕೆಳಗೆ ಮಲಗಲು ಯಾರನ್ನೂ ಬಿಡಬೇಡಿ. ಜಾಕ್ ಜಾರಿದರೆ ಜೀವಕ್ಕೇ ಅಪಾಯ.

ಈ ಲೆಕ್ಕ ಏಕೆ ಬೇಕು? ಒಂದೊಂದು ಎಂಜಿನ್‌ಗೆ ಒಂದೊಂದು ನಡಿಗೆ ಇರುತ್ತದೆ. ನಿಧಾನವಾಗಿ ತಿರುಗಿ ಭಾರ ಎಳೆಯುವ ಡೀಸೆಲ್ ಎಂಜಿನ್‌ಗೆ ಹೇಳಿಸಿದ ಹಲ್ಲಿನ ಲೆಕ್ಕ ಬೇರೆ, ವೇಗವಾಗಿ ತಿರುಗುವ ಸಣ್ಣ ಎಂಜಿನ್‌ಗೆ ಬೇರೆ. ತಪ್ಪಿದರೆ ಮೆಕ್ಕೆಜೋಳದ ಮೂಟೆ ಹೇರಿ ಏರು ಹತ್ತುವಾಗ ಗಾಡಿ ಉಸಿರು ಬಿಡುತ್ತದೆ. ಇಲ್ಲವೇ ಖಾಲಿ ಹೋಗುವಾಗಲೂ ಎಂಜಿನ್ ಅರಚಿಕೊಂಡು ಡೀಸೆಲ್ ಕುಡಿಯುತ್ತದೆ. ಆ ಡೀಸೆಲ್‌ನ ಹಣ ಮಕ್ಕಳ ಶಾಲೆಯ ಫೀಸಿನಿಂದಲೇ ಹೋಗುವುದು.

*ಬದಲಿಸುವುದೇ ಬೇಕೇ?*

ಉಸ್ತಾದರು ಹೇಳಿದ ಇನ್ನೊಂದು ಮಾತು ಮುಖ್ಯವಾದದ್ದು. ಹೊಗೆ ಹೆಚ್ಚಾಯಿತು, ಆಯಿಲ್ ಕುಡಿಯುತ್ತಿದೆ ಎಂದ ಕೂಡಲೇ ಎಂಜಿನ್ ಬದಲಿಸಬೇಕಿಲ್ಲ. ಬ್ಲಾಕ್ ಗಟ್ಟಿಯಾಗಿದ್ದರೆ ಬೋರ್ ಮಾಡಿಸಿ, ತುಸು ದೊಡ್ಡ ಅಳತೆಯ ಪಿಸ್ಟನ್, ರಿಂಗ್ ಹಾಕಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ ಮತ್ತೆ ಕಟ್ಟಬಹುದು. ಆಗ ಎಂಜಿನ್ ಸಂಖ್ಯೆಯೂ ಬದಲಾಗುವುದಿಲ್ಲ, ಗೇರ್ ಬಾಕ್ಸ್‌ನ ಜೋಡಿಯೂ ತಪ್ಪುವುದಿಲ್ಲ. ಬ್ಲಾಕ್ ಸೀಳಿದ್ದರೆ ಅಥವಾ ಇನ್ನು ಬೋರ್ ಮಾಡಲು ಲೋಹವೇ ಉಳಿದಿಲ್ಲದಿದ್ದರೆ ಮಾತ್ರ ಬದಲಿ. ಎರಡರ ಖರ್ಚನ್ನೂ ಬರೆಸಿಕೊಂಡು ಅಕ್ಕಪಕ್ಕ ಇಟ್ಟು ನೋಡಿ. ಬದಲಿ ಎಂಜಿನ್‌ನ ಬೆಲೆಗೆ ಹೌಸಿಂಗ್, ಫ್ಲೈವೀಲ್, ಕ್ಲಚ್ ಸೆಟ್, ಎಂಜಿನ್ ಕೂರುವ ರಬ್ಬರ್, ರೇಡಿಯೇಟರ್ ಪೈಪ್, ಶಾಫ್ಟ್ ಕೆಲಸ ಎಲ್ಲವನ್ನೂ ಕೂಡಿಸಬೇಕು. "ಎಂಜಿನ್ ಅಗ್ಗಕ್ಕೆ ಸಿಕ್ಕಿತು" ಎಂಬ ಮಾತಿನಲ್ಲಿ ಇವು ಯಾವುವೂ ಸೇರಿರುವುದಿಲ್ಲ.

*ಕಾಗದದ ಕೆಲಸ*

ನಮ್ಮ ಗಾಡಿ ಗ್ಯಾರೇಜಿನಿಂದ ಹೊರಬಂದ ಮೇಲೂ ಒಂದು ಸಂಕಟ ಕಾದಿತ್ತು. ಎಫ್‌ಸಿಗೆ ಹೋದಾಗ ಎಂಜಿನ್ ಸಂಖ್ಯೆ ಆರ್‌ಸಿಗೆ ಹೊಂದಲಿಲ್ಲ. 8 ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಆದ್ದರಿಂದ ಇದನ್ನು ಬಹಳ ದಿನ ಮುಚ್ಚಿಡಲು ಸಾಧ್ಯವೇ ಇಲ್ಲ, ಮುಚ್ಚಿಡಲೂಬಾರದು.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಬದಲಾವಣೆಗೆ ಸಂಬಂಧಿಸಿದ್ದು. ಎಂಜಿನ್ ಬದಲಿಸುವ ಮೊದಲು ಆರ್‌ಟಿಓ ಅನುಮತಿ ಪಡೆಯುವುದು ಸರಿಯಾದ ದಾರಿ. ಬದಲಿಸಿದ ಮೇಲೆ 14 ದಿನಗಳೊಳಗೆ ತಿಳಿಸಿ ಹೊಸ ಎಂಜಿನ್ ಸಂಖ್ಯೆಯನ್ನು ಆರ್‌ಸಿಯಲ್ಲಿ ಬರೆಸಬೇಕು. ಗಾಡಿಯ ಮೇಲೆ ಸಾಲವಿದ್ದರೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆ ಬೇಕು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ, ತಯಾರಕರು ನಿಗದಿ ಮಾಡಿದ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲವೆಂದು ಸ್ಪಷ್ಟಪಡಿಸಿತು. ಹಾಗಾಗಿ ಅದೇ ಕಂಪನಿಯ, ಅದೇ ಬಗೆಯ, ಅದೇ ಇಂಧನದ ಎಂಜಿನ್ ಹಾಕುವುದೇ ಕ್ಷೇಮ. ಚಾಸಿ ಸಂಖ್ಯೆಯನ್ನಂತೂ ಯಾರೂ ಮುಟ್ಟಬಾರದು. ಅದನ್ನು ತಿದ್ದುವುದು ಅಪರಾಧ.

ನಮ್ಮ ತಾಲೂಕುಗಳ ಹಳೆಯ ಗಾಡಿಗಳಲ್ಲಿ ಇನ್ನೊಂದು ಗೊಂದಲವಿದೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ತನಕ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ಆದ್ದರಿಂದ ಕೆಎ 14 ಮತ್ತು ಕೆಎ 16 ಸಂಖ್ಯೆಯ ಹಳೆಯ ಗಾಡಿಗಳೂ ಕೆಎ 17ರ ಗಾಡಿಗಳೂ ಇಲ್ಲಿ ಒಂದೇ ಸಂತೆಯಲ್ಲಿ ಕೈ ಬದಲಾಗುತ್ತವೆ. ಕೊಳ್ಳುವಾಗ ಆರ್‌ಸಿ ಯಾರ ಹೆಸರಿನಲ್ಲಿದೆ, ಯಾವ ಕಚೇರಿಯಲ್ಲಿದೆ, ಸಂಖ್ಯೆಗಳು ಹೊಂದುತ್ತವೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಹಳೆಯ ಎಂಜಿನ್ ಎಲ್ಲಿಂದ ಬಂತೆಂಬುದೂ ತಿಳಿದಿರಬೇಕು. ಬೆಂಗಳೂರಿನ ಶಿವಾಜಿನಗರದ ಗುಜರಿ ಸಾಲು ಹಳೆಯ ಬಿಡಿಭಾಗಗಳಿಗೆ ರಾಜ್ಯಕ್ಕೇ ಹೆಸರುವಾಸಿ. ಅಲ್ಲಾಗಲಿ, ಸಣ್ಣ ಊರಿನಲ್ಲಾಗಲಿ, ಎಂಜಿನ್ ಸಂಖ್ಯೆ ಬರೆದ ಬಿಲ್ಲು ಕೇಳಿ. ಅದು ಬಂದ ಗಾಡಿಯ ಆರ್‌ಸಿ ರದ್ದಾದ ಕಾಗದದ ಪ್ರತಿಯನ್ನೂ ಕೇಳಿ. ಪ್ರಾಮಾಣಿಕ ವ್ಯಾಪಾರಿ ಇದಕ್ಕೆ ಬೇಸರಿಸುವುದಿಲ್ಲ. ಕದ್ದ ಗಾಡಿಯ ಎಂಜಿನ್ ನಮ್ಮ ಗಾಡಿಯಲ್ಲಿ ಕುಳಿತರೆ ಪೊಲೀಸರು ಬರುವುದು ನಮ್ಮ ಬಾಗಿಲಿಗೇ. ನಮಗೆ ಸಿಕ್ಕಿದ್ದ ಚೀಟಿಯಲ್ಲಿ ಸಂಖ್ಯೆ ಇರಲಿಲ್ಲ. ಸರಿಯಾದ ಬಿಲ್ಲಿಗಾಗಿ ಮತ್ತೆ ಅಲ್ಲಿಗೆ ಅಲೆಯಬೇಕಾಯಿತು, ತಡವಾದದ್ದಕ್ಕೆ ದಂಡವನ್ನೂ ಕಟ್ಟಬೇಕಾಯಿತು. ವಿಮೆಯ ಕಾಗದದಲ್ಲೂ ಹೊಸ ಸಂಖ್ಯೆ ಬರೆಸಿ. ಅಪಘಾತವಾದ ದಿನ ಸಂಖ್ಯೆ ಹೊಂದದಿದ್ದರೆ ಪರಿಹಾರಕ್ಕೆ ತಕರಾರು ಬರುತ್ತದೆ.

*ಮಹ್ರ್, ಸಾಲ ಮತ್ತು ಲೆಕ್ಕ*

ಇನ್ನು ನಮ್ಮದೇ ವಿಷಯಕ್ಕೆ ಬರೋಣ. ಮಹ್ರ್ ಹೆಂಡತಿಯ ಸ್ವಂತ ಸೊತ್ತು. ಅದರಲ್ಲಿ ಅವಳು ಮನಃಪೂರ್ವಕ ಬಿಟ್ಟುಕೊಟ್ಟದ್ದನ್ನು ಪತಿ ಸಂತೋಷದಿಂದ ಬಳಸಬಹುದೆಂದು ಸೂರಃ ಅನ್ನಿಸಾದ 4ನೇ ವಚನ ತಿಳಿಸುತ್ತದೆ. ಒತ್ತಾಯಕ್ಕೆ ಅಲ್ಲಿ ಜಾಗವಿಲ್ಲ. ಕೊಡುವಾಗ ಅದು ಉಡುಗೊರೆಯೋ ಸಾಲವೋ ಎಂಬುದನ್ನು ಇಬ್ಬರೂ ಮಾತಾಡಿಕೊಳ್ಳಬೇಕು. ಸಾಲವಾದರೆ ಬರೆದಿಡಬೇಕು. ಕುರ್‌ಆನ್‌ನ ಅತ್ಯಂತ ದೀರ್ಘ ವಚನ, ಅಲ್‌ಬಕರಃ 282, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆಯೇ ಇದೆ. "ಗಂಡನ ಮುಂದೆ ಕಾಗದ ಹಿಡಿಯುವುದೇ?" ಎಂದು ನಾಚುವವರಿದ್ದಾರೆ. ಬರೆದಿಡುವುದು ಅಪನಂಬಿಕೆಯಲ್ಲ. ನಾಳೆ ಯಾರಿಗೂ ಮನಸ್ತಾಪವಾಗದಿರಲೆಂಬ ಕಾಳಜಿ.

ನಾನು ಈ ತಪ್ಪನ್ನು ತಿದ್ದಿಕೊಂಡೆ. ಹೊನ್ನಾಳಿಯಿಂದ ಬಂದ ದಿನವೇ ಮಕ್ಕಳ ಹಳೆಯ ನೋಟ್ ಪುಸ್ತಕದಲ್ಲಿ ಒಂದು ಪುಟ ತೆರೆದೆ. ಒಂದು ಕಡೆ ಗಾಡಿಯ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಗೇರ್ ಬಾಕ್ಸ್‌ನ ಅಕ್ಷರ, ಕ್ಲಚ್ ಪ್ಲೇಟ್‌ನ ಹಲ್ಲು. ಇನ್ನೊಂದು ಕಡೆ ಖರ್ಚು. ಕೊನೆಯಲ್ಲಿ ನನ್ನ ಸರದ ತೂಕ. ನಮ್ಮ ಮನೆಯವರು ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಪೆನ್ನು ತೆಗೆದುಕೊಂಡು ಸರದ ಸಾಲಿನ ಕೆಳಗೆ ತಾವೇ ಸಹಿ ಹಾಕಿದರು.

ಮೆಕ್ಯಾನಿಕ್‌ಗಳ ಬಗ್ಗೆಯೂ ಒಂದು ಮಾತು. ಕೂಲಿಯವನ ಬೆವರು ಆರುವ ಮುನ್ನವೇ ಅವನ ಕೂಲಿ ಕೊಡಬೇಕೆಂಬುದು ಪ್ರವಾದಿ(ಸ)ರ ಬೋಧನೆ. ಅದರೊಂದಿಗೆ ಅವಸರಪಡಿಸದಿರುವುದೂ ನಮ್ಮ ಕರ್ತವ್ಯ. ನಮ್ಮ ಗಾಡಿಗೆ ಹೊಸ ತೂತು ಕೊರೆದ ಹುಡುಗನನ್ನು ನಾವು ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ಅವಸರಪಡಿಸಿದ್ದೆವು. ತಪ್ಪಿನಲ್ಲಿ ನಮ್ಮ ಪಾಲೂ ಇತ್ತು. ಗ್ಯಾರೇಜ್ ನಡೆಸುವವರ ಮನೆಯ ಸಹೋದರಿಯರೂ ಇದನ್ನು ಓದುತ್ತಿರಬಹುದು. ನಿಮ್ಮ ಮನೆಯವರಿಗೆ ಹೇಳಿ: ಹೊಂದದಿದ್ದರೆ ಹೊಂದುವುದಿಲ್ಲ ಎಂದು ಗಿರಾಕಿಗೆ ತಿಳಿಸುವುದೂ ಅಮಾನತ್ತಿನ ಭಾಗವೇ.

ಗಾಡಿ ಮಾರುವಾಗಲೂ ಅಷ್ಟೇ. ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿ(ಸ)ರು ಕೈಯಿಟ್ಟಾಗ ಒಳಗೆ ಒದ್ದೆಯಾಗಿತ್ತು. ಮಳೆಯಲ್ಲಿ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಹಾಗಿದ್ದರೆ ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆಯೇ ಇಡಬೇಕಿತ್ತೆಂದು ಎಚ್ಚರಿಸಿದರು. ಮೋಸ ಮಾಡುವವನು ತಮ್ಮ ಬಳಗಕ್ಕೆ ಸೇರಿದವನಲ್ಲವೆಂದರು. ಸಹೀಹ್ ಮುಸ್ಲಿಮ್‌ನಲ್ಲಿ ಬಂದಿರುವ ಈ ಹದೀಸ್ ಹಳೆಯ ಗಾಡಿಗೂ ಅನ್ವಯಿಸುತ್ತದೆ. ಗ್ರೀಸಿನ ಕೆಳಗೆ ಅಡಗಿರುವ ಬೇರೆ ಗೇರ್ ಬಾಕ್ಸ್, ಒದ್ದೆ ಧಾನ್ಯದಂತೆಯೇ. ನಮಗೆ ಗಾಡಿ ಮಾರಿದವರು ಆ ಒಂದು ಮಾತು ಹೇಳಿದ್ದರೆ ನಮ್ಮ ನಷ್ಟ ತಪ್ಪುತ್ತಿತ್ತು. ನಾಳೆ ನಾವು ಮಾರುವಾಗ ಮೊದಲು ಹೇಳಬೇಕಾದದ್ದೂ ಅದೇ ಮಾತು.

*ಹಣ ಕೊಡುವ ಮುನ್ನ ಕೇಳಬೇಕಾದ ಏಳು ಪ್ರಶ್ನೆಗಳು*

1. ಈಗಿರುವ ಎಂಜಿನನ್ನೇ ಕಟ್ಟಲು ಸಾಧ್ಯವೇ? ಎರಡರ ಖರ್ಚು ಎಷ್ಟು?
2. ಬ್ಲಾಕ್ ಮೇಲಿನ ಸಂಖ್ಯೆಯೂ ಸಿಸಿಯೂ ಆರ್‌ಸಿಗೆ ಹೊಂದುತ್ತವೆಯೇ?
3. ಗೇರ್ ಬಾಕ್ಸ್‌ನ ಅಕ್ಷರ ಓದಿದ್ದೀರಾ? ಎಷ್ಟು ಗೇರಿನದು?
4. ಹೌಸಿಂಗ್‌ನ ರಟ್ಟಿನ ಅಚ್ಚು ತೆಗೆದಿದ್ದೀರಾ? ಕ್ಲಚ್ ಪ್ಲೇಟ್‌ನ ಹಲ್ಲು ಎಣಿಸಿದ್ದೀರಾ?
5. ಪ್ರೊಪೆಲ್ಲರ್ ಶಾಫ್ಟ್‌ನ ಉದ್ದ, ಹಿಂದಿನ ಆಕ್ಸಲ್‌ನ ಲೆಕ್ಕ ನೋಡಿದ್ದೀರಾ?
6. ಎಂಜಿನ್ ಸಂಖ್ಯೆ ಬರೆದ ಬಿಲ್ಲು ಸಿಗುತ್ತದೆಯೇ? ಆರ್‌ಟಿಓ ಅನುಮತಿಗೆ ಯಾರು ಹೋಗುತ್ತಾರೆ?
7. ಕೂಡದಿದ್ದರೆ ಎಂಜಿನ್ ವಾಪಸು ತೆಗೆದುಕೊಳ್ಳುತ್ತಾರೆಯೇ? ಅದನ್ನು ಬಿಲ್ಲಿನಲ್ಲಿ ಬರೆದುಕೊಡುತ್ತಾರೆಯೇ?

ಈ ಪ್ರಶ್ನೆಗಳಿಗೆ ಸ್ಪ್ಯಾನರ್ ಹಿಡಿಯುವ ವಿದ್ಯೆ ಬೇಕಿಲ್ಲ. ಮನೆಯ ದುಡ್ಡು ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯುವ ಆಸಕ್ತಿ ಸಾಕು.

ಉಸ್ತಾದರು ಆ ಐದು ಗೇರಿನ ಬಾಕ್ಸ್‌ಗೂ ನಮ್ಮ ಎಂಜಿನ್‌ಗೂ ಕೂಡುವ ಕಂಪನಿಯ ಹೌಸಿಂಗ್, ಫ್ಲೈವೀಲ್, ಕ್ಲಚ್ ಸೆಟ್ ಹುಡುಕಿಸಿ ಕೂರಿಸಿದರು. ಆಮೇಲೆ ಗಾಡಿ ಕ್ಲಚ್‌ಗಾಗಿ ಗ್ಯಾರೇಜು ಹತ್ತಿಲ್ಲ, ಅಲ್‌ಹಮ್ದುಲಿಲ್ಲಾಹ್. ಅಡಿಕೆ ಮುಗಿದ ಮೇಲೆ ನ್ಯಾಮತಿಯ ಭತ್ತ, ಜಗಳೂರಿನ ಮೆಕ್ಕೆಜೋಳಕ್ಕೂ ಹೋಗಿ ಬರುತ್ತದೆ. ಸರ ಇನ್ನೂ ಪೂರ್ತಿ ಬಂದಿಲ್ಲ. ನೋಟ್ ಪುಸ್ತಕದ ಆ ಪುಟದಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ತೀರಿದೆ, ಉಳಿದದ್ದು ಮುಂದಿನ ಕೊಯ್ಲಿಗೆ ಎಂದು ಅವರದೇ ಕೈಬರಹದಲ್ಲಿದೆ.

ಅಲ್ಲಾಹನು ನಮ್ಮ ಮನೆಯವರನ್ನು ದಾರಿಯಲ್ಲಿ ಕಾಪಾಡಲಿ, ನಮ್ಮ ದುಡಿಮೆಯಲ್ಲಿ ಬರಕತ್ ನೀಡಲಿ. ಆಮೀನ್.